ಯಾರಿಂದ ಬಂದದ್ದು

ಹೆಲ್ಲವಿಕ್, ಅಕ್ಟೋಬರ್ 12

ಪ್ರೀತಿಯ ಆಸ್ಲಾಗ್ ಅತ್ತೆ,

ನಿಮ್ಮ ಕಿವಿಗೆ ಫೋನಿನ ಧ್ವನಿ ತಲುಪುವುದಿಲ್ಲ, ಅದರ ಮೇಲಿನ ಅಕ್ಷರಗಳು ಇರುವೆಗಳಂತೆ ಕಾಣುತ್ತವೆಂದು ನೀವೇ ದೂರುತ್ತೀರಿ. ಆದ್ದರಿಂದ ಕಾಗದವೇ ಸರಿ. ನೀವು ಹುಟ್ಟಿದ ಊರಿನಿಂದ ಬರೆಯುತ್ತಿದ್ದೇನೆ. ಬರ್ಗೆನ್‌ನ ಸಂಗೀತ ಅಕಾಡೆಮಿಯಲ್ಲಿ ಈ ವರ್ಷದ ಮೊದಲ ಸ್ಥಾನ ನನ್ನದೆಂದು ಅಪ್ಪ ತಿಳಿಸಿರಬೇಕು. ತಿಳಿಸದಿದ್ದರೆ ನಾನೇ ಹೇಳುತ್ತಿದ್ದೇನೆ, ಏಕೆಂದರೆ ಒಳ್ಳೆಯ ಸುದ್ದಿಯನ್ನು ಬಚ್ಚಿಡುವುದೇ ವಿನಯವೆಂದು ನಮ್ಮ ಮನೆಯವರು ನಂಬಿದ್ದಾರೆ. ಏಪ್ರಿಲ್‌ನಲ್ಲಿ ವಾದ್ಯವೃಂದದ ಆಯ್ಕೆ ಪರೀಕ್ಷೆ ಇದೆ. ಅಲ್ಲಿಯವರೆಗೆ ಹೆಲ್ಲವಿಕ್‌ನ ಚಳಿಗಾಲದ ಸಂಗೀತ ಸರಣಿಯನ್ನು ನಡೆಸುವ ಹೊಣೆ ನನ್ನದು. ಊರಿನಲ್ಲಿ ಯಾರ ಮನೆಯಲ್ಲಿ ಯಾವ ಸಂಗೀತವಿದೆಯೋ ಅದೆಲ್ಲ ಒಂದೊಂದು ಭಾನುವಾರದ ಮಧ್ಯಾಹ್ನ ಒಂದೇ ಸೂರಿನ ಕೆಳಗೆ ಬರಬೇಕು.

ಆ ಸೂರು ಯಾವುದೆಂದು ಕೇಳಿದರೆ ನಗುತ್ತೀರಿ: ಹಳೆಯ ಪ್ರಾರ್ಥನಾಮಂದಿರ! ಪಿಟೀಲು ಸೈತಾನನ ವಾದ್ಯವೆಂದು ಒಂದು ಕಾಲದಲ್ಲಿ ಹೊಸ್ತಿಲಾಚೆಯೇ ಇಡಿಸುತ್ತಿದ್ದ ಮನೆಯಲ್ಲಿ ನಿನ್ನೆ ಡಮಾಸ್ಕಸ್‌ನ ನಿಜಾರ್ ತನ್ನ ಊದ್ ಎಂಬ ತಂತಿವಾದ್ಯ ನುಡಿಸಿದ. ಅವನು ಸಾಮನ್ ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸದಲ್ಲಿದ್ದಾನೆ. ವಾರವಿಡೀ ತಣ್ಣಗಾಗುವ ಆ ಬೆರಳುಗಳಲ್ಲಿ ಅಂಥ ಬಿಸಿ ಎಲ್ಲಿಂದ ಬಂತೋ.

ಆಮೇಲೆ ವ್ಯಾಫಲ್, ಕಂದು ಚೀಸು, ಕಾಫಿ. ನಿಜಾರ್ ತಾನೇ ಕಾಫಿ ಹಂಚುತ್ತೇನೆಂದು ಹಠ ಹಿಡಿದು ಊರಿನ ಮಾರ್ಗಿಟ್ ಅಜ್ಜಿಯ ಕೋಪಕ್ಕೆ ಗುರಿಯಾದ. ಅಜ್ಜಿ ಎರಡು ಸಲ ಬೇಡವೆಂದಿದ್ದರು. ಮೂರನೆಯ ಸಲ ಕೇಳಿದಾಗ, "ಆಯ್ತಪ್ಪ, ಅರ್ಧ ಕಪ್ಪು" ಎಂದರು. ಅವನು ಅರ್ಧವೇ ಸುರಿದ.

"ನಿಮ್ಮಲ್ಲಿ ಕಾಫಿಗೆ ಬರಗಾಲವಾ?" ಎಂದು ಅಜ್ಜಿ ಮುಖ ತಿರುಗಿಸಿದರು.

"ಅರ್ಧ ಅಂದ್ರು, ಅರ್ಧ ಹಾಕ್ದೆ! ನನ್ನ ತಪ್ಪೇನು?" ಎಂದು ನಿಜಾರ್ ನನ್ನ ಕಡೆ ನೋಡಿದ.

ಕಾವಲುಗಾರ ಓಟ್ಟರ್ ಅವನ ಬೆನ್ನು ತಟ್ಟಿ ಹೇಳಿದ: "ಇಲ್ಲಿ ಬೇಡ ಅಂದ್ರೆ ಕೇಳ್ತಾ ಇರು ಅಂತ. ಅರ್ಧ ಅಂದ್ರೆ ತುಳುಕೋ ಹಾಗೆ ಹಾಕು ಅಂತ. ಇಷ್ಟು ಕಲಿತ್ರೆ ನಿಂಗೆ ಪೌರತ್ವ ಕೊಟ್ಟ ಹಾಗೇನೇ."

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ನಿಜಾರ್ ಕೊನೆಯ ತಂತಿಯನ್ನು ಮೀಟಿ ಕೈ ತೆಗೆದ ಮೇಲೂ ಸಭಾಂಗಣದಲ್ಲಿ ಸ್ವರ ನಿಲ್ಲಲಿಲ್ಲ. ಪ್ರತಿಧ್ವನಿಯಾಗಿದ್ದರೆ ಇಳಿಯಬೇಕಿತ್ತು. ಅದು ಏರಿತು, ಪಕ್ಕಕ್ಕೆ ಜಾರಿ ಇನ್ನೊಂದು ಸ್ವರವನ್ನು ಮುಟ್ಟಿ ಆಮೇಲೆ ಅಡಗಿತು. "ನನ್ನ ಜೊತೆ ಯಾರು ಬಾರಿಸಿದ್ದು?" ಎಂದು ನಿಜಾರ್ ನಗುತ್ತಲೇ ಕೇಳಿದ. ಯಾರೂ ಕೈ ಎತ್ತಲಿಲ್ಲ. ಒಲೆಯ ಪಕ್ಕದ ಹಲಗೆಗೋಡೆ ಒಣಗುತ್ತಿದೆಯೆಂದು ಓಟ್ಟರ್ ತೀರ್ಪು ಕೊಟ್ಟ.

ಈಗ ನನ್ನ ಕೋರಿಕೆ. ಮಾರ್ಚ್‌ನ ಕೊನೆಯ ಕಛೇರಿ ನನ್ನದು. ಶೂರ್ ಅಜ್ಜನ ಮಟ್ಟುಗಳಲ್ಲಿ ಒಂದನ್ನಾದರೂ ಬಾರಿಸಬೇಕೆಂದಿದ್ದೇನೆ. ಅಜ್ಜನ ಸಂಗೀತವನ್ನು ಕೇಳಿ ಉಳಿದವರು ನೀವೊಬ್ಬರೇ. ಮುಂದಿನ ಸಾಲಿನಲ್ಲಿ ಕೂರಲು ಬರುವಿರಾ?

ನಿಮ್ಮ
ಸಿಗ್ನಿ


ಬರ್ಗೆನ್, ಅಕ್ಟೋಬರ್ 20

ಮಗಳೇ ಸಿಗ್ನಿ,

ಮೊದಲ ಸ್ಥಾನಕ್ಕೆ ಶಹಬಾಸ್. ನಿನ್ನ ಅಪ್ಪ ಹೇಳಿರಲಿಲ್ಲ. ಅವನು ಹೇಳಿದ್ದು ನಿನ್ನ ಚಳಿಗಾಲದ ಬೂಟಿಗೆ ತೂತು ಬಿದ್ದಿದೆ ಎಂದಷ್ಟೇ. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ನಾನು ಬರುವುದಿಲ್ಲ. ನಲವತ್ತು ವರ್ಷ ನೇಯ್ಗೆ ಗಿರಣಿಯಲ್ಲಿ ದುಡಿದೆ. ಆ ಮಗ್ಗಗಳ ನಡುವೆ ನನ್ನಷ್ಟು ಸುಖವಾಗಿದ್ದವರು ಯಾರೂ ಇಲ್ಲ. ಕಿವುಡಿಯನ್ನು ಕಛೇರಿಯ ಮುಂದಿನ ಸಾಲಿನಲ್ಲಿ ಕೂರಿಸುವುದು, ಹಲ್ಲಿಲ್ಲದವಳಿಗೆ ಒಣಮೀನು ಬಡಿಸಿದ ಹಾಗೆ.

ಅಪ್ಪನ ಮಟ್ಟು ಯಾವುದೂ ನನ್ನ ಬಳಿ ಇಲ್ಲ. ಬೇರೆ ಏನಾದರೂ ಬಾರಿಸು.

ಒಲೆಯ ಯಾವ ಪಕ್ಕದ ಗೋಡೆ? ಕಿಟಕಿಯ ಕಡೆಯದೋ, ಬಾಗಿಲ ಕಡೆಯದೋ? ಸುಮ್ಮನೆ ಕೇಳಿದೆ.

ಆಸ್ಲಾಗ್


ಹೆಲ್ಲವಿಕ್, ನವೆಂಬರ್ 17

ಪ್ರೀತಿಯ ಅತ್ತೆ,

ಕಿಟಕಿಯ ಕಡೆಯದು. ನೀವು ಸುಮ್ಮನೆ ಕೇಳುವವರಲ್ಲವೆಂದು ಬಲ್ಲೆನಾದರೂ ಸುಮ್ಮನೆ ಉತ್ತರಿಸುತ್ತಿದ್ದೇನೆ.

ಮೊನ್ನೆಯ ಭಾನುವಾರ ತಿಲಕವತಿಯ ಸರದಿ. ತಮಿಳರ ಯಾಳ್ಪಾಣದಿಂದ ಬಂದು ಇಲ್ಲಿ ಇಪ್ಪತ್ತು ಚಳಿಗಾಲ ಕಳೆದವಳು. ವೃದ್ಧಾಶ್ರಮದಲ್ಲಿ ದಾದಿ. ನಮ್ಮ ಅಜ್ಜಿಯರ ಬೈಗುಳಗಳನ್ನು ನಮಗಿಂತ ಚೆನ್ನಾಗಿ ಬಲ್ಲಳು. ಶ್ರುತಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಗುರುವಿನ ಹೆಸರು ಹೇಳಿ ಹಾಡಲು ತೊಡಗಿದಳು. ನಮ್ಮ ಪಿಟೀಲುಗಾರರೂ ಹಾಗೆಯೇ ಅಲ್ಲವೇ? ಒಂದು ಮಟ್ಟು ಯಾರಿಂದ ಬಂದದ್ದೆಂದು ಹೇಳದೆ ಬಿಲ್ಲನ್ನು ತಂತಿಗೆ ತಾಕಿಸುವುದಿಲ್ಲ. ಹೇಳದವನು ಕಳ್ಳ.

ಅವಳ ಶ್ರುತಿ ನೆಲೆನಿಂತ ಹೊತ್ತಿನಲ್ಲಿ ಅದು ಮತ್ತೆ ಬಂತು. ಈ ಸಲ ಒಂದೆರಡು ಸ್ವರವಲ್ಲ, ಇಡೀ ಒಂದು ಸಾಲು. ಎತ್ತರದಲ್ಲಿ, ತೆಳ್ಳಗೆ, ನಮ್ಮ ಹಾರ್ಡಾಂಗರ್ ಪಿಟೀಲಿನಲ್ಲಿ ಮೇಲಿನ ತಂತಿಗಳ ಕೆಳಗೆ ಯಾರೂ ಮುಟ್ಟದ ಇನ್ನೊಂದು ಸಾಲು ತಂತಿಗಳು ತಾವಾಗಿ ಮಿಡಿಯುತ್ತವಲ್ಲ, ಹಾಗೆ. ಎಲ್ಲರಿಗೂ ಕೇಳಿಸಿತು. ಮಾರ್ಗಿಟ್ ಅಜ್ಜಿ ಮಾತ್ರ ಎದ್ದು ಕೋಟು ಹಾಕಿಕೊಂಡು ಕಾಫಿಯನ್ನೂ ಕುಡಿಯದೆ ಹೋದರು. ಇದು ಈ ಊರಿನಲ್ಲಿ ಕೇಳರಿಯದ ಸಂಗತಿ.

"ನಮ್ಮ ಶ್ರುತಿಗೆ ಯಾರೋ ಸೇರಿಕೊಂಡ್ರು ಕಣೇ," ಎಂದು ತಿಲಕವತಿ ಪೆಟ್ಟಿಗೆ ಮಡಿಸುತ್ತಾ ಹೇಳಿದಳು. "ಒಳ್ಳೆ ಕಂಠ. ಆದ್ರೆ ಉಸಿರೇ ತಗೊಳ್ಳಲ್ಲ. ಅದೊಂದೇ ನಂಗೆ ಸರಿ ಬರ್ಲಿಲ್ಲ."

ಅತ್ತೆ, ಆ ಸಾಲು ನನಗೆ ಗೊತ್ತು. ಒಮ್ಮೆ ಕೇಳಿದ ಸ್ವರವನ್ನು ನನ್ನ ಕಿವಿ ಮರೆಯುವುದಿಲ್ಲ. ಅದಕ್ಕಾಗಿಯೇ ನನಗೆ ಪದಕ ಕೊಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ನಿಮ್ಮ ಅಡುಗೆಮನೆಯ ಮೇಜಿನ ಕೆಳಗೆ ಕೂತು ಕೇಳುತ್ತಿದ್ದದ್ದು ಅದನ್ನೇ. ಲೆಫ್ಸೆ ರೊಟ್ಟಿ ಲಟ್ಟಿಸುವಾಗ ನೀವು ಗುನುಗುತ್ತೀರಿ. ಹಿಟ್ಟು ಉದುರಿಸುವಾಗ, ಹೆಣಿಗೆ ಹಾಕುವಾಗ, ಮೆಟ್ಟಿಲು ಹತ್ತುವಾಗಲೂ. ಕಿವಿ ಕೇಳದವರಿಗೆ ಅದನ್ನು ಹೇಳುವುದು ಸಭ್ಯತೆಯಲ್ಲವೆಂದು ಅಪ್ಪ ನನ್ನ ಬಾಯಿ ಮುಚ್ಚಿಸಿದ್ದರು. ನಿಮ್ಮ ಬಳಿ ಅಜ್ಜನ ಮಟ್ಟು ಇದೆ. ಮೊದಲಿನಿಂದ ಕೊನೆಯವರೆಗೆ ಇದೆ. ನಿಮ್ಮ ಬಾಯಿಂದ ನನ್ನ ಬಳಿಗೂ ಬಂದಿದೆ.

ಮಾರ್ಚ್‌ನಲ್ಲಿ ಅದನ್ನು ಬಾರಿಸಲು ಒಪ್ಪಿಗೆ ಕೊಡಿ. "ಇದು ಶೂರ್‌ನ ಮಗಳು ಆಸ್ಲಾಗ್‌ಳಿಂದ ಬಂದದ್ದು" ಎಂದು ತುಂಬಿದ ಸಭೆಯಲ್ಲಿ ಹೇಳಬೇಕು ನಾನು. ಎರಡನೆಯ ಸಲ ಕೇಳುತ್ತಿದ್ದೇನೆ.

ಸಿಗ್ನಿ


ಬರ್ಗೆನ್, ನವೆಂಬರ್ 30

ಸಿಗ್ನಿ,

ನಿನ್ನ ಕಾಗದ ಓದಿದ ದಿನದಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನಾನು ಗುನುಗುತ್ತೇನೆಯೇ? ಟ್ರಾಮಿನಲ್ಲಿ? ಅಂಗಡಿಯಲ್ಲಿ? ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ. ನಮ್ಮವರ ಸಭ್ಯತೆಗೆ ಬೆಂಕಿ ಬೀಳಲಿ.

ಈಗ ಹೇಳುವುದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು.

ನನ್ನ ಅಪ್ಪ ಶೂರ್, ಪ್ರಾರ್ಥನಾಮಂದಿರ ಸೇರಿದ ಮೇಲೆ ಪಿಟೀಲು ಬಿಟ್ಟನೆಂದು ಊರು ನಂಬಿತ್ತು. ಅಪ್ಪ ಕಿವುಡನಾಗಿದ್ದ. ಹಗಲಲ್ಲಿ ಹುಲ್ಲಿನ ಅಟ್ಟಕ್ಕೆ ಹೋಗಿ, ಗದ್ದವನ್ನು ವಾದ್ಯಕ್ಕೆ ಒತ್ತಿ, ಅದೊಂದೇ ಮಟ್ಟನ್ನು ಬಾರಿಸುತ್ತಿದ್ದ. ನಾನು ಏಣಿಯ ಕೆಳಗೆ ಕೂತು ಕಲಿತೆ. ಆಗ ನನಗೆ ಒಂಬತ್ತು ವರ್ಷ. ಕ್ರಿಸ್‌ಮಸ್ಸಿಗೆ ಮಕ್ಕಳೆಲ್ಲ ಮಂದಿರದಲ್ಲಿ ಏನಾದರೊಂದು ಹಾಡಬೇಕಿತ್ತು. ನಾನು ಎದ್ದು ನಿಂತು, ದೊಡ್ಡವರು ಹೇಳುವ ಹಾಗೆಯೇ, "ಇದು ನನ್ನ ಅಪ್ಪ ಶೂರ್‌ನಿಂದ ಬಂದದ್ದು" ಎಂದು ಹೇಳಿ ಅದನ್ನು ಹಾಡಿದೆ.

ಒಲೆಗೆ ಸೌದೆ ಹಾಕುತ್ತಿದ್ದ ಅಪ್ಪ ತಟ್ಟನೆ ತಿರುಗಿದ. ಅವನಿಗೆ ಕೇಳಿಸಿತ್ತು. ಜನರ ಬಾಯಿಗಳು ತೆರೆದು ಮುಚ್ಚುತ್ತಿದ್ದದ್ದು ನನಗೆ ಕಂಡಿತು. ಧ್ವನಿ ಇರಲಿಲ್ಲ. ಮಟ್ಟು ಮಾತ್ರ ನಾನು ಹಾಡಿ ಮುಗಿಸಿದ ಮೇಲೂ ಹರಿಯುತ್ತಲೇ ಇತ್ತು. ಅಪ್ಪನ ಕಿವಿ ಬಂದದ್ದು ದೇವರ ಕೃಪೆ, ನನ್ನ ಕಿವಿ ಹೋದದ್ದು ಜ್ವರ ಎಂದರು.

ಅಪ್ಪನಿಗೆ ಗೊತ್ತಿತ್ತು. ನನ್ನ ಮುಂದೆ ಮಂಡಿಯೂರಿ ಸ್ಲೇಟಿನ ಮೇಲೆ ಬರೆದ: "ನನ್ನ ಕಿವಿಯಲ್ಲಿ ಹಾಡು. ನನಗೆ ಮರೆತುಹೋಗಿದೆ. ನಿನ್ನಿಂದ ಬಂತು ಅಂತ ಹೇಳಿ ವಾಪಸ್ ತಗೋತೀನಿ." ನಾನು ತಲೆ ಅಲ್ಲಾಡಿಸಿದೆ. ಅಟ್ಟದಲ್ಲಿ ಅವನ ಮುಖ ಎಷ್ಟು ನೊಂದಿರುತ್ತಿತ್ತೆಂದು ನಾನು ನೋಡಿದ್ದೆ. ಅವನು ತಂತಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ, ಪಿಟೀಲನ್ನು ಮಂದಿರದ ಕಿಟಕಿಯ ಕಡೆಯ ಹಲಗೆಗಳ ಹಿಂದೆ ಇಟ್ಟು ಮೊಳೆ ಹೊಡೆದ. ವಸಂತದಲ್ಲಿ ನನ್ನನ್ನು ಕಿವುಡರ ಶಾಲೆಗೆ ಕಳಿಸಿದರು.

ಕೇಳಿದವರಿಗೆ ಏನೂ ಆಗುವುದಿಲ್ಲ. ನಾಲ್ಕು ಜನರ ಮುಂದೆ ಬಾರಿಸಿ, ಯಾರಿಂದ ಬಂದದ್ದೆಂದು ಹೇಳಿದಾಗ ಅದು ಮನೆ ಬದಲಿಸುತ್ತದೆ. ಇದನ್ನು ಬರೆಯುವಾಗಲೂ ಅದು ನನ್ನೊಳಗೆ ನಡೆಯುತ್ತಿದೆ. ಒಂದು ಕ್ಷಣವೂ ನಿಂತಿಲ್ಲ. ನಾನು ಸಾಯುವಾಗ ಅದೂ ಸಾಯಲಿ ಎಂದುಕೊಂಡಿದ್ದೆ. ನಿನ್ನ ಕಿವಿಯೇ ನಿನ್ನ ಬದುಕು, ಮಗಳೇ. ಬೇಡ.

ಅತ್ತೆ


ಹೆಲ್ಲವಿಕ್, ಜನವರಿ 24

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಅನೇಕ ಸಲ ಓದಿದೆ. ಉತ್ತರಿಸಲು ತಡವಾದದ್ದು ಉದಾಸೀನದಿಂದಲ್ಲ. ಒಂಬತ್ತು ವರ್ಷದ ಹುಡುಗಿಗೆ ಜ್ವರದಲ್ಲಿ ಕಿವಿ ಹೋಯಿತು, ಅದೇ ವಾರ ಆಕೆಯ ತಂದೆ ಚೇತರಿಸಿಕೊಂಡ. ಆ ಎರಡನ್ನೂ ಮಗುವಿನ ಮನಸ್ಸು ಒಂದೇ ದಾರದಲ್ಲಿ ಪೋಣಿಸಿತು. ಕಿವಿ ಹೋದವರ ತಲೆಯಲ್ಲಿ ಸಂಗೀತ ಮೊಳಗುವುದು ವೈದ್ಯರಿಗೆ ತಿಳಿದ ವಿಷಯ. ಶ್ರವಣಶಾಸ್ತ್ರದ ಪರೀಕ್ಷೆಯಲ್ಲಿ ನಾನು ಇದರ ಬಗ್ಗೆಯೇ ಪ್ರಬಂಧ ಬರೆದಿದ್ದೇನೆ. ನಿಮ್ಮ ನೋವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದಕ್ಕೆ ನೀವು ಕೊಟ್ಟ ಕಾರಣವನ್ನು ಒಪ್ಪಲಾರೆ, ಅಷ್ಟೆ.

ನಾವು ಗೋಡೆ ತೆಗೆದೆವು. ಓಟ್ಟರ್ ಹಲಗೆ ಕೀಳುವಾಗ ಗೊಣಗುತ್ತಲೇ ಇದ್ದ: "ಸತ್ತ ಇಲಿ ಸಿಕ್ರೆ ನಿನ್ನ ಕೈಗೇ ಕೊಡ್ತೀನಿ ನೋಡು." ಸಿಕ್ಕದ್ದು ಪಿಟೀಲು. ಮುತ್ತುಚಿಪ್ಪಿನ ಕೆತ್ತನೆಗೆ ಒಂದಿಷ್ಟೂ ಮಂಕು ಹಿಡಿದಿಲ್ಲ. ನೀವು ಹೇಳಿದಂತೆ ಒಂದು ತಂತಿಯೂ ಇಲ್ಲ.

ಓಟ್ಟರ್ ಅದನ್ನು ತಿರುಗಿಸಿ ನೋಡಿ ಮೆಲ್ಲಗೆ ಕೇಳಿದ: "ತಂತಿ ಇಲ್ದೆ ಇದು ಹೆಂಗಮ್ಮ ಕೂಗ್ತು?"

ಕೂಗಿದ್ದು ಒಲೆಯ ಹೊಗೆಕೊಳವೆ ಎಂದೆ. ಅವನು ಕೊಳವೆಯನ್ನು ನೋಡಿದ, ನನ್ನನ್ನು ನೋಡಿದ, ಹಲಗೆಗಳನ್ನು ಎತ್ತಿಕೊಂಡು ಹೊರಗೆ ಹೋದ. ಅಂದಿನಿಂದ ಸಭಾಂಗಣದ ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗುತ್ತಾನೆ.

ನಾನು ಹೊಸ ತಂತಿ ಕಟ್ಟಿಸಿದ್ದೇನೆ. ವಾದ್ಯ ಅದ್ಭುತವಾಗಿದೆ. ಅಜ್ಜನ ಬೆರಳುಗಳು ಸವೆಸಿದ ಜಾಗದಲ್ಲಿ ನನ್ನ ಬೆರಳುಗಳು ಸರಿಯಾಗಿ ಕೂರುತ್ತವೆ.

ಅತ್ತೆ, ನಿಮ್ಮ ಹೆಸರನ್ನು ಇದುವರೆಗೆ ಒಂದು ಸಭೆಯೂ ಕೇಳಿಲ್ಲ. ಗಿರಣಿಯವರು ಕೂಡ ನಿಮ್ಮನ್ನು ಕಿವುಡಿ ಎಂದೇ ಕರೆದರು. ಇಷ್ಟು ವರ್ಷ ಒಂದು ಮಟ್ಟನ್ನು ಜೀವದಲ್ಲಿಟ್ಟು ಕಾದವರಿಗೆ ಊರು ಒಮ್ಮೆ ಎದ್ದು ನಿಲ್ಲಬೇಕು. ಇದು ಮೂರನೆಯ ಸಲ ಕೇಳುತ್ತಿರುವುದು.

ಸಿಗ್ನಿ


ಬರ್ಗೆನ್, ಫೆಬ್ರವರಿ 19

ಸಿಗ್ನಿ,

ನೀನು ಶೂರ್‌ನ ಮೊಮ್ಮಗಳು. ಬಂಡೆಗೆ ಬುದ್ಧಿ ಹೇಳಬಹುದು, ನಿನಗಲ್ಲ.

ಬಾರಿಸಲೇಬೇಕೆಂದಿದ್ದರೆ ಬಾರಿಸು. ನನ್ನ ಹೆಸರು ಮಾತ್ರ ಹೇಳಬೇಡ. ಯಾರಿಂದ ಬಂತೋ ಗೊತ್ತಿಲ್ಲ ಎನ್ನು. ಕಳ್ಳಿ ಎನ್ನಲಿ ಬಿಡು. ಹೆಸರಿಲ್ಲದೆ ಬಾರಿಸಿದರೆ ಅದಕ್ಕೆ ದಾರಿ ಸಿಗದೇ ಇರಬಹುದು.

ಕಾಲುಚೀಲ ಸರಿಯಾಯಿತೇ?

ಅತ್ತೆ


ಹೆಲ್ಲವಿಕ್, ಮಾರ್ಚ್ 10

ನನ್ನ ಮುದ್ದಿನ ಅತ್ತೆ,

ನಿಮ್ಮ ಕಾಗದ ಓದಿ ನಕ್ಕುಬಿಟ್ಟೆ, ಆಮೇಲೆ ಅತ್ತುಬಿಟ್ಟೆ. ಎರಡು ಸಲ ಬೇಡ, ಮೂರನೆಯ ಸಲ "ಹೆಸರಿಲ್ಲದೆ ಬಾರಿಸು." ಬರ್ಗೆನ್‌ನಲ್ಲಿ ಜೀವಮಾನ ಕಳೆದರೂ ನೀವು ಹೆಲ್ಲವಿಕ್‌ನವರೇ! ಅರ್ಧ ಕಪ್ಪೆಂದರೆ ಏನೆಂದು ಈಗ ನಿಜಾರ್‌ಗೂ ಗೊತ್ತು. ನಾನು ಈ ಮಣ್ಣಿನ ಹುಡುಗಿ, ನನಗೆ ಗೊತ್ತಾಗದೇ?

ಭಾನುವಾರ ಮಧ್ಯಾಹ್ನ ಮೂರಕ್ಕೆ ನನ್ನ ಸರದಿ. ನಿಜಾರ್, ತಿಲಕವತಿ ಇಬ್ಬರೂ ಮುಂದಿನ ಸಾಲಿನಲ್ಲಿರುತ್ತಾರೆ. ಮಾರ್ಗಿಟ್ ಅಜ್ಜಿ ಕೂಡ ಬರುತ್ತಾರಂತೆ, ಬಾಗಿಲ ಹತ್ತಿರ ಕೂರುವ ಷರತ್ತಿನ ಮೇಲೆ. ಮುಂದಿನ ಸಾಲಿನ ಒಂದು ಕುರ್ಚಿ ನಿಮ್ಮ ಹೆಸರಿನಲ್ಲಿ ಖಾಲಿ ಇರುತ್ತದೆ.

ತುಳುಕುವಷ್ಟು ಸುರಿಯುತ್ತೇನೆ, ಅತ್ತೆ.

ನಿಮ್ಮ ಹೆಮ್ಮೆಯ
ಸಿಗ್ನಿ


ಬರ್ಗೆನ್, ಮಾರ್ಚ್ 13, ಭಾನುವಾರ

ಸಿಗ್ನಿ, ಮಗಳೇ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ನಿನ್ನ ಅಪ್ಪನಿಗೆ ಹೇಳಿ ಫೋನು ಮಾಡಿಸಿದೆ. ನೀನು ಎತ್ತಲಿಲ್ಲ. ಕಛೇರಿಯ ಹಿಂದಿನ ದಿನ ಯಾರ ಜೊತೆಗೂ ಮಾತಾಡುವುದಿಲ್ಲವಂತೆ ನೀನು. ಇಂದು ದೋಣಿ ಇರಲಿಲ್ಲ.

ಮಧ್ಯಾಹ್ನ ಕಾಫಿಗೆ ನೀರಿಟ್ಟು ಮೇಜಿನ ಮುಂದೆ ಕೂತಿದ್ದೆ. ಮಟ್ಟು ಎಂದಿನಂತೆ ನಡೆಯುತ್ತಿತ್ತು. ಎರಡನೆಯ ಸಾಲಿನ ನಡುವೆ ನಿಂತಿತು. ಮುಗಿಯಲಿಲ್ಲ, ಸಣ್ಣಗಾಗಲೂ ಇಲ್ಲ. ಯಾರೋ ನನ್ನ ಕೈಯಿಂದ ತೆಗೆದುಕೊಂಡ ಹಾಗೆ ನಿಂತಿತು.

ಆಮೇಲೆ ಒಂದು ಕಿರುಚಾಟ. ಯಾರನ್ನೋ ಕೊಲ್ಲುತ್ತಿದ್ದಾರೆಂದು ಎದ್ದು ಬಾಗಿಲಿಗೆ ಓಡಿದೆ. ಅದು ಕೆಟಲು, ಸಿಗ್ನಿ. ನೀರು ಕುದಿದ ಕೆಟಲು. ಕಿಟಕಿಯ ಹೊರಗೆ ಕಡಲಹಕ್ಕಿಗಳು. ಇಷ್ಟು ಒರಟಾಗಿ ಕೂಗುತ್ತವೆಂದು ಮರೆತೇಹೋಗಿತ್ತು. ನನ್ನ ಅಳುವೇ ನನಗೆ ಕೇಳಿಸಿತು. ಮುದುಕಿಯ ಧ್ವನಿ. ನಾನು ಕೊನೆಯ ಸಲ ಕೇಳಿದ್ದ ನನ್ನ ಧ್ವನಿ ಪುಟ್ಟ ಹುಡುಗಿಯದು.

ಎಲ್ಲರೂ ಎದ್ದು ನಿಂತರೇ? ಚಪ್ಪಾಳೆ ತಟ್ಟಿದ್ದು ನಿನಗೆ ಕಾಣಿಸಿತೇ?

ನಾಳೆಯ ದೋಣಿಗೆ ಬರುತ್ತೇನೆ. ನಾಲ್ಕು ಜನರನ್ನು ಕೂರಿಸಿ, "ಇದು ಸಿಗ್ನಿಯಿಂದ ಬಂದದ್ದು" ಎಂದು ಹೇಳಿ ನಾನೇ ಹಾಡಿ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಈಗಷ್ಟೇ ಬಾಯಿ ತೆರೆದು ನೋಡಿದೆ. ಒಂದು ಸ್ವರವೂ ನೆನಪಿಲ್ಲ. ಜೀವಮಾನವಿಡೀ ಕೇಳಿದ್ದರಲ್ಲಿ ಒಂದೂ ಉಳಿದಿಲ್ಲ. ನೀನು ಒಂದು ಸಲ ನನ್ನ ಕಿವಿಯಲ್ಲಿ ಗುನುಗಬೇಕು. ಒಂದೇ ಸಲ.

ನಿನ್ನ
ಆಸ್ಲಾಗ್ ಅತ್ತೆ


ಹೆಲ್ಲವಿಕ್, ಏಪ್ರಿಲ್ 21

ಪ್ರೀತಿಯ ಅತ್ತೆ,

ನೀವು ಬಂದು ಮೂರು ದಿನ ಬಾಗಿಲ ಹೊರಗೆ ನಿಂತಿರೆಂದು ಓಟ್ಟರ್ ಬರೆದು ತೋರಿಸಿದ. ಬಾಗಿಲು ಬಡಿದದ್ದು ನನಗೆ ಕೇಳಿಸಲಿಲ್ಲ ಎಂದರೆ ಅದು ಅರ್ಧ ಸತ್ಯ. ನೆಲದ ಹಲಗೆಗಳು ಅದುರುತ್ತಿದ್ದದ್ದು ಪಾದಗಳಿಗೆ ತಿಳಿಯುತ್ತಿತ್ತು.

ಹೌದು, ಎಲ್ಲರೂ ಎದ್ದು ನಿಂತರು. ನಿಜಾರ್ ಅಳುತ್ತಿದ್ದ. ಕೈಗಳು ಕೈಗಳಿಗೆ ತಾಗುತ್ತಿದ್ದವು, ಹಿಮ ಬೀಳುವ ಹಾಗೆ, ಒಂದಿಷ್ಟೂ ಸದ್ದಿಲ್ಲದೆ. ನಾನು ಬಿಲ್ಲನ್ನು ಕೆಳಗಿಟ್ಟಿದ್ದೆ. ಮಟ್ಟು ನಿಂತಿರಲಿಲ್ಲ.

ವಾದ್ಯವೃಂದದ ಪರೀಕ್ಷೆ ಕಳೆದ ವಾರ ನಡೆಯಿತು. ನಾನು ಹೋಗಲಿಲ್ಲ. ಅಷ್ಟನ್ನೇ ಬರೆಯಬಲ್ಲೆ.

ನೀವು ಕೇಳಿದ್ದಕ್ಕೆ ಉತ್ತರ: ಬೇಡ. ಒಂಬತ್ತನೆಯ ವಯಸ್ಸಿನಲ್ಲಿ ನೀವು ಏಕೆ ತಲೆ ಅಲ್ಲಾಡಿಸಿದಿರೆಂದು ಈಗ ನನಗೆ ಗೊತ್ತು. ಕೆಟಲಿನ ಸದ್ದು ಕೇಳಿ, ಅತ್ತೆ. ಹಕ್ಕಿಗಳನ್ನು ಬೈಯಿರಿ. ಟ್ರಾಮಿನಲ್ಲಿ ಜನ ಆಡುವ ಹರಟೆಯನ್ನು ಕದ್ದು ಕೇಳಿ. ನಾನು ಸುರಿದದ್ದನ್ನು ನೀವು ಕುಡಿಯಲೇಬೇಕು.

ಆದರೆ ಒಂದು ವಿಷಯ ನನ್ನನ್ನು ಮಲಗಗೊಡುತ್ತಿಲ್ಲ. ನಿನ್ನೆ ಮುಂದಿನ ಚಳಿಗಾಲದ ಸರಣಿಗೆ ಹಾಡುವವರು ಬಂದು ಮಾತಾಡಿ ಹೋದರು. ನಾನು ವ್ಯಾಫಲ್ ಹಿಟ್ಟು ಕಲಸುತ್ತಿದ್ದೆ. ತಿಲಕವತಿ ನನ್ನ ಬೆನ್ನಿನ ಹಿಂದೆ ನಿಂತು ತಲೆದೂಗುತ್ತಿದ್ದಳು, ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಯಾವುದಕ್ಕೆ ತಾಳ ಎಂದು ಕೇಳುವ ಹಾಗೆ ನೋಡಿದೆ. ಅವಳು ನಗುತ್ತಾ ಚೀಟಿಯ ಮೇಲೆ ಬರೆದಳು: "ನೀನು ಗುನುಗ್ತಾ ಇರ್ತೀಯಲ್ಲ, ಅದನ್ನ ಪೂರ್ತಿ ಕಲಿತುಬಿಟ್ಟೆ. ಅಕ್ಟೋಬರಲ್ಲಿ ಹಾಡ್ತೀನಿ. ಸಿಗ್ನಿಯಿಂದ ಬಂದದ್ದು ಅಂತ ಹೇಳ್ಲಾ?"

ನಾನು ಅವಳ ಕೈಯಿಂದ ಪೆನ್ನು ಕಸಿದುಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆದೆ: "ಬೇಡ."

ಇಪ್ಪತ್ತು ಚಳಿಗಾಲ ಇಲ್ಲಿ ಕಳೆದವಳು ಅವಳು. ಚೀಟಿ ಓದಿ ನನ್ನ ಕೆನ್ನೆ ತಟ್ಟಿದಳು. ಕೆಳಗೆ ಬರೆದಳು: "ಗೊತ್ತು ಬಿಡೇ. ಇನ್ನೂ ಎರಡು ಸಲ ಕೇಳ್ತೀನಿ."

ಸಿಗ್ನಿ